ಆಕಾಶ ಯಾರ ಗೋಮಾಳ? ಉಪಗ್ರಹದ ಸಾಲು ನೋಡಿ ಮಗಳು ಕೇಳಿದ ಪ್ರಶ್ನೆ

ಕುಂತಿಬೆಟ್ಟದ ತಪ್ಪಲು (ಪಾಂಡವಪುರ) · ಭಾನುವಾರ, ಬೆಳಿಗ್ಗೆ 8.10

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ನಡೆದದ್ದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ಮಗಳು ಏಳನೇ ತರಗತಿ. ರಜೆಯಲ್ಲಿ ಸಪ್ತರ್ಷಿ ಮಂಡಲ ನೋಡಿ ಚಿತ್ರ ಬರೆದುಕೊಂಡು ಬನ್ನಿ ಅಂತ ಅವಳ ಮೇಡಂ ಹೇಳಿದ್ದರು. ಊರೊಳಗೆ ಬೀದಿದೀಪ ಜಾಸ್ತಿ. ಅದಕ್ಕೇ ಬೈಕಿನಲ್ಲಿ ಕುಂತಿ ಬೆಟ್ಟದ ಕಡೆಗೆ ಕರೆದುಕೊಂಡು ಹೋದೆ. ಏಳೂಕಾಲು ಇರಬೇಕು. ಅವಳು ಇನ್ನೂ ಉತ್ತರ ಯಾವ ಕಡೆ ಅಂತ ಹುಡುಕುತ್ತಿದ್ದಳು. ಅಷ್ಟರಲ್ಲಿ ಪಡುವಣದಿಂದ ಒಂದು ದೀಪದ ಸಾಲು ಎದ್ದು ಬಂತು. ಒಂದರ ಹಿಂದೆ ಒಂದು, ಇರುವೆ ಸಾಲಿನ ಹಾಗೆ. ಸದ್ದೇ ಇಲ್ಲ. ಎರಡು ಮೂರು ನಿಮಿಷದಲ್ಲಿ ತಲೆ ಮೇಲೆ ಹಾದು ಮೂಡಣಕ್ಕೆ ಹೋಗಿ ಒಂದೊಂದಾಗಿ ಆರಿಹೋಯಿತು.

"ಅಪ್ಪಾ, ಅದು ಯಾರದು?" ಅಂದಳು. ಅಮೆರಿಕದ ಒಂದು ಕಂಪನಿಯ ಉಪಗ್ರಹ ಕಣಮ್ಮ, ಇಂಟರ್ನೆಟ್ ಕೊಡೋಕೆ ಬಿಟ್ಟಿದ್ದಾರೆ ಅಂದೆ. "ನಮ್ಮೂರ ಮೇಲೆ ಬಿಡುವಾಗ ಯಾರನ್ನು ಕೇಳಿದರು?" ಅಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಊರ ಗೋಮಾಳಕ್ಕೆ ಯಾರಾದರೂ ಬೇಲಿ ಹಾಕಿದರೆ ನಾವು ಪಂಚಾಯಿತಿ ಮುಂದೆ ನಿಂತು ಕೇಳುತ್ತೇವೆ. ಆಕಾಶವೂ ಹಾಗೇ ಎಲ್ಲರದೂ ಅಲ್ವಾ? ನಾನು ಇಸ್ರೋ ವಿರೋಧಿ ಅಲ್ಲ. ಚಂದ್ರಯಾನ ಇಳಿದ ದಿನ ಅಂಗಡಿ ಬಾಗಿಲು ಹಾಕಿ ಟಿವಿ ಮುಂದೆ ಕೂತವನು. ಆದರೆ ಈ ಉಪಗ್ರಹಗಳಿಂದ ನಮಗೆ ಬರುವುದೆಷ್ಟು, ಹೋಗುವುದೆಷ್ಟು? ಇದನ್ನೆಲ್ಲ ನೋಡಿಕೊಳ್ಳುವವರು ಯಾರಾದರೂ ಇದ್ದಾರಾ? ತಿಳಿದವರು ಹೇಳಿ. ಮಗಳಿಗೆ ಸರಿಯಾದ ಉತ್ತರ ಕೊಡಬೇಕು.

ಹೆಬ್ಬಾಳು ರಿಂಗ್ ರೋಡ್ · 8.24

ನಾವೂ ನೋಡಿದೆವು! ಮಹಡಿ ಮೇಲೆ ಬಟ್ಟೆ ತೆಗೆಯುತ್ತಿದ್ದಾಗ. ನಮ್ಮತ್ತೆ ಹೆದರಿ ಒಳಗೆ ಹೋಗಿಬಿಟ್ಟರು.

ನಾಲೆ ಬಯಲು (ಮದ್ದೂರು ತಾಲ್ಲೂಕು) · 8.51

ಅಣ್ಣ, ಒಳ್ಳೆ ಪ್ರಶ್ನೆ ಎತ್ತಿದ್ದೀರಿ. ನನ್ನ ಮನಸ್ಸಿನಲ್ಲಿರುವುದನ್ನೂ ಹೇಳಿಬಿಡುತ್ತೇನೆ.

2023ರ ಆಗಸ್ಟ್ 23ಕ್ಕೆ ಚಂದ್ರಯಾನ-3 ಇಳಿಯಿತು. ನಾನೂ ಚಪ್ಪಾಳೆ ತಟ್ಟಿದೆ. ಅದೇ ತಿಂಗಳು ನಮ್ಮ ನಾಲೆಯಲ್ಲಿ ನೀರಿಲ್ಲ. ಕನ್ನಂಬಾಡಿ ತುಂಬಲಿಲ್ಲ, ಇದ್ದ ನೀರೂ ಕೆಳಗೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಮಂಡ್ಯ ಬಂದ್ ಮಾಡಿದೆವು. ಚಂದ್ರನಲ್ಲಿ ನೀರು ಇದೆ ಅಂತ ಕಂಡುಹಿಡಿಯುವವರು ನನ್ನ ಗದ್ದೆಗೆ ಯಾವಾಗ ನೀರು ಬರುತ್ತೆ ಅಂತ ಹೇಳಲಿಲ್ಲವಲ್ಲ. ಕೋಪದಿಂದ ಹೇಳುತ್ತಿಲ್ಲ, ನೋವಿನಿಂದ ಹೇಳುತ್ತಿದ್ದೇನೆ.

ಲೆಕ್ಕದ ಮೇಷ್ಟ್ರು (ಮಂಡ್ಯ) · 9.05

ಚಂದ್ರಯಾನ-3ಕ್ಕೆ ಆದ ಖರ್ಚು ಸುಮಾರು 615 ಕೋಟಿ. ಬಾಹ್ಯಾಕಾಶ ಇಲಾಖೆಗೆ 2025-26ರ ಬಜೆಟ್‌ನಲ್ಲಿ ಇಟ್ಟಿದ್ದು 13,416 ಕೋಟಿ. ಕೇಂದ್ರದ ಒಟ್ಟು ಬಜೆಟ್ 50 ಲಕ್ಷ ಕೋಟಿಗೂ ಮೇಲೆ. ಅಂದರೆ 100 ರೂಪಾಯಿಯಲ್ಲಿ ಸುಮಾರು 26 ಪೈಸೆ. ಇಸ್ರೋ ಮುಚ್ಚಿದರೆ ನಾಲೆಗೆ ನೀರು ಬರುವುದಿಲ್ಲ. ಎರಡನ್ನೂ ಎದುರುಬದುರು ನಿಲ್ಲಿಸುವುದು ತಪ್ಪು.

ನಾಲೆ ಬಯಲು · 9.17

ಮೇಷ್ಟ್ರೇ, ನಾನು ದುಡ್ಡಿನ ಮಾತು ಆಡಲೇ ಇಲ್ಲ. ಮುಚ್ಚಿ ಅಂತಲೂ ಹೇಳಲಿಲ್ಲ. ಮೇಲಿನಿಂದ ನೋಡುವ ಕಣ್ಣಿಗೆ ನಾವು ಕಾಣುತ್ತೇವಾ ಅಂತ ಕೇಳಿದ್ದು.

ಭತ್ತದ ಗದ್ದೆ (ವಿ.ಸಿ. ಫಾರಂ ಹತ್ತಿರ) · 9.40

ಕಾಣುತ್ತೀರಿ ಸರ್. ನಾನು ಕೃಷಿ ಓದಿದವಳು, ಈಗ ಇದೇ ಕೆಲಸದಲ್ಲಿದ್ದೇನೆ. ಬಿಡಿಸಿ ಹೇಳುತ್ತೇನೆ.

ಎಲೆ ಆರೋಗ್ಯವಾಗಿದ್ದರೆ ಸೂರ್ಯನ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ವಾಪಸ್ ಎಸೆಯುತ್ತದೆ. ಎರಡರ ವ್ಯತ್ಯಾಸ ಲೆಕ್ಕ ಹಾಕಿ ಬೆಳೆ ಎಷ್ಟು ಹಸಿರಾಗಿದೆ ಅಂತ ಹೇಳುತ್ತಾರೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಐದು ದಿನಕ್ಕೊಮ್ಮೆ ನಮ್ಮ ಮೇಲೆ ಹಾದು ಚಿತ್ರ ತೆಗೆಯುತ್ತವೆ. ಅದರಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಗುಂಟೆ. ನಿಮ್ಮದು ಎರಡು ಎಕರೆ ಅಂದರೆ 80 ಚುಕ್ಕಿ. ಆ ಚಿತ್ರ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು.

ಇನ್ನೊಂದು ವಿಷಯ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರಲ್ಲ. ಕೇಂದ್ರದ 2016ರ ಬರ ಕೈಪಿಡಿ ಪ್ರಕಾರ ಮಳೆ ಕೊರತೆ ಒಂದೇ ಸಾಲದು. ಉಪಗ್ರಹ ಕೊಡುವ ಹಸಿರಿನ ಲೆಕ್ಕವನ್ನೂ ಮಣ್ಣಿನ ತೇವವನ್ನೂ ನೋಡಬೇಕು. ಹಾಗಾಗಿ ಆ ವರ್ಷ ಮೇಲಿನ ಕಣ್ಣು ನಿಮ್ಮನ್ನು ನೋಡಿದೆ.

ನಾಲೆ ಬಯಲು · 10.02

ಅಕ್ಕ, ಅಲ್ಲೇ ಇರುವುದು ನನ್ನ ಸಂಕಟ. ನಾಲೆ ತಲುಪದ ಒಂದೂವರೆ ಎಕರೆಗೆ ಆ ವರ್ಷ ರಾಗಿ ಹಾಕಿದ್ದೆ. ನಡುವೆ ಎರಡು ಹದ ಮಳೆ ಬಿತ್ತು. ಪೈರು ಹಸಿರಾಯಿತು. ಆಮೇಲೆ ಮಳೆ ಕೈಕೊಟ್ಟಿತು. ತೆನೆ ಕಟ್ಟಲಿಲ್ಲ. ಕೈಗೆ ತಗೊಂಡು ಉಜ್ಜಿದರೆ ಬರೀ ಹೊಟ್ಟು. ವಿಮೆಯವರನ್ನು ಕೇಳಿದರೆ "ನಿಮ್ಮ ಕಡೆ ಬೆಳೆ ಚೆನ್ನಾಗಿದೆ ಅಂತ ವರದಿ ಇದೆ" ಅಂದರು. ನಾನು ಒಣಗಿದ ತೆನೆ ಹಿಡಿದುಕೊಂಡು ಹೋಗಿ ಮೇಜಿನ ಮೇಲೆ ಇಟ್ಟೆ. ತಲೆ ಎತ್ತಿ ನೋಡಲಿಲ್ಲ.

ಅಷ್ಟು ಎತ್ತರದಿಂದ ಹಸಿರು ಕಾಣುತ್ತೆ. ತೆನೆಯೊಳಗೆ ಕಾಳಿದೆಯಾ ಅಂತ ಕಾಣುತ್ತಾ?

ಭತ್ತದ ಗದ್ದೆ · 10.21

ಕಾಣುವುದಿಲ್ಲ. ನೀವು ಹೇಳಿದ್ದಕ್ಕೆ ಹೆಸರೇ ಇದೆ, ಹಸಿರು ಬರ. 2023ರಲ್ಲಿ ರಾಜ್ಯ ಸರ್ಕಾರವೇ ಕೇಂದ್ರದ ತಂಡಕ್ಕೆ ಇದನ್ನು ಹೇಳಿತು. ಹೊಲ ಹಸಿರಾಗಿ ಕಾಣುತ್ತದೆ, ಇಳುವರಿ ಇಲ್ಲ ಅಂತ. ಅದಕ್ಕೇ ಬೆಳೆ ಕಟಾವು ಪ್ರಯೋಗ ಬಿಡಬಾರದು ಅಂತ ನಾವು ಹೇಳುವುದು. ಯಾರಾದರೂ ಗದ್ದೆಗೆ ಇಳಿದು, ಕುಯ್ದು, ತೂಕ ಹಾಕಲೇಬೇಕು. ಉಪಗ್ರಹ ಎಲ್ಲಿ ನೋಡಬೇಕು ಅಂತ ತೋರಿಸುತ್ತದೆ, ನೋಡುವ ಕೆಲಸ ಮನುಷ್ಯರದು. ನಿಮಗಾದದ್ದು ಅನ್ಯಾಯ. ಆದರೆ ಚಿತ್ರವನ್ನು ನೆಪ ಮಾಡಿಕೊಂಡು ಹೊಲಕ್ಕೆ ಬಾರದವರ ತಪ್ಪನ್ನು ಉಪಗ್ರಹದ ತಲೆಗೆ ಕಟ್ಟಬೇಡಿ.

ಮಳೆಗಾಲದಲ್ಲಿ ಇನ್ನೊಂದು ತೊಂದರೆ, ಮೋಡ. ವಾರಗಟ್ಟಲೆ ಮೋಡ ಮುಚ್ಚಿದರೆ ಸಾಮಾನ್ಯ ಕ್ಯಾಮೆರಾಗೆ ಏನೂ ಕಾಣುವುದಿಲ್ಲ. ಇದಕ್ಕೆ ರಾಡಾರ್ ಬೇಕು. 2025ರ ಜುಲೈ 30ರಂದು ಇಸ್ರೋ ಮತ್ತು ನಾಸಾ ಸೇರಿ ಕಟ್ಟಿದ ನಿಸಾರ್ ಮೇಲೆ ಹೋಯಿತಲ್ಲ, ಅದು ಮೋಡದ ಮೂಲಕವೂ ನೋಡುತ್ತದೆ. 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತದೆ. ಮಣ್ಣಿನ ತೇವವೂ ತಿಳಿಯುತ್ತದೆ. ನಮ್ಮಂಥ ಜಿಲ್ಲೆಗೆ ಅದರಿಂದ ಉಪಯೋಗ ಜಾಸ್ತಿ.

ನಾಲೆ ಬಯಲು · 10.30

ಇದು ಸರಿಯಾದ ಮಾತು. ಉಪಗ್ರಹದ ಮೇಲೆ ನನಗೆ ಸಿಟ್ಟಿಲ್ಲ. ಆದರೂ ದುಡ್ಡು ಬರಲಿಲ್ಲ.

ಹಳೇ ಸೇತುವೆ · 10.44

ಉಪಗ್ರಹ, ಟವರ್ ಎಲ್ಲ ಬಂದ ಮೇಲೆಯೇ ಮಳೆ ಕಮ್ಮಿ ಆಗಿದ್ದು. ರಾಕೆಟ್ ಮೋಡವನ್ನು ಒಡೆಯುತ್ತೆ. ನಮ್ಮಜ್ಜನ ಕಾಲದಲ್ಲಿ ಹೀಗಿರಲಿಲ್ಲ.

ಭತ್ತದ ಗದ್ದೆ · 10.52

ಇಲ್ಲ ಸರ್. ಮೋಡ ಇರುವುದು ನೆಲದಿಂದ ಹೆಚ್ಚೆಂದರೆ 15-18 ಕಿ.ಮೀ. ಒಳಗೆ. ಉಪಗ್ರಹ ಸುತ್ತುವುದು 400, 500, 700 ಕಿ.ಮೀ. ಮೇಲೆ. ರಾಕೆಟ್ ಶ್ರೀಹರಿಕೋಟಾದಿಂದ ಎದ್ದು ಒಂದೆರಡು ನಿಮಿಷದಲ್ಲಿ ಮೋಡ ದಾಟಿ ಹೋಗುತ್ತದೆ. ಮಂಡ್ಯದ ಮುಂಗಾರು ಅದರಿಂದ ನಿಲ್ಲುವುದಿಲ್ಲ. ನಿಮ್ಮಜ್ಜನ ಕಾಲದಲ್ಲೂ ಬರ ಬಂದಿದೆ. ಕನ್ನಂಬಾಡಿ ಕಟ್ಟಿದ್ದು ಯಾಕೆ ಮತ್ತೆ?

ಹಳೇ ಸೇತುವೆ · 10.58

ಸರಿ ಮೇಡಂ. ಕೇಳಿದ್ದನ್ನು ಹೇಳಿದೆ.

ಕೆರೆದಂಡೆ ದೂರದರ್ಶಕ (ಕುಕ್ಕರಹಳ್ಳಿ) · 11.15

ಪಾಂಡವಪುರದ ಗೆಳೆಯರೇ, ನೀವು ನೋಡಿದ ಸಾಲು ಸ್ಟಾರ್‌ಲಿಂಕ್. ಒಂದೇ ರಾಕೆಟ್‌ನಲ್ಲಿ ಹತ್ತಾರು ಉಪಗ್ರಹ ಹೋಗುತ್ತವೆ. ಮೊದಲು ಸುಮಾರು 300 ಕಿ.ಮೀ. ಎತ್ತರದಲ್ಲಿ ಬಿಡುತ್ತಾರೆ. ಅಲ್ಲಿಂದ ಮೆಲ್ಲಗೆ 550 ಕಿ.ಮೀ.ಗೆ ಏರುತ್ತವೆ. ಏರುವ ಮೊದಲ ಕೆಲವು ದಿನ ಹೀಗೆ ಸಾಲಾಗಿ ಕಾಣುತ್ತವೆ. ಆಮೇಲೆ ಚದುರುತ್ತವೆ.

ನಮಗೆ ಇಲ್ಲಿ ಸೂರ್ಯ ಮುಳುಗಿದ್ದರೂ ಅಷ್ಟು ಮೇಲೆ ಇನ್ನೂ ಬಿಸಿಲಿರುತ್ತದೆ. ಆ ಬಿಸಿಲೇ ಅವುಗಳ ಮೈ ಮೇಲೆ ಬಿದ್ದು ನಮಗೆ ದೀಪದ ಹಾಗೆ ಕಾಣುವುದು. ಪೂರ್ವಕ್ಕೆ ಹೋದಂತೆ ಭೂಮಿಯ ನೆರಳೊಳಗೆ ಹೊಕ್ಕವು. ಅದಕ್ಕೇ ಒಂದೊಂದಾಗಿ ಆರಿದ್ದು. ನಿಮ್ಮ ಮಗಳು ಅದನ್ನು ಗಮನಿಸಿದ್ದರೆ ಒಳ್ಳೆ ಕಣ್ಣು ಅವಳದು.

ಮೊದಲ 60 ಹೋದದ್ದು 2019ರ ಮೇ ತಿಂಗಳಲ್ಲಿ. ಈಗ ಮೇಲೆ 8,000ಕ್ಕೂ ಜಾಸ್ತಿ ಇವೆ. ಬೇರೆ ಕಂಪನಿಗಳೂ ಚೀನಾದವರೂ ಇಂಥದ್ದೇ ಬಿಡುತ್ತಿದ್ದಾರೆ. ನಾನು ಇಪ್ಪತ್ತು ವರ್ಷದಿಂದ ನಕ್ಷತ್ರದ ಫೋಟೋ ತೆಗೆಯುತ್ತಿದ್ದೇನೆ. ಮೊದಲು ಒಂದು ರಾತ್ರಿಯಲ್ಲಿ ಒಂದೋ ಎರಡೋ ಚಿತ್ರದಲ್ಲಿ ಗೀರು ಬೀಳುತ್ತಿತ್ತು. ಈಗ ಸಂಜೆ ಹೊತ್ತು ತೆಗೆದ ಚಿತ್ರದಲ್ಲಿ ಗೀರಿಲ್ಲದ್ದನ್ನು ಹುಡುಕಬೇಕು. ನನ್ನದು ಹವ್ಯಾಸ, ಹೋಗಲಿ. ಚಿಲಿ ದೇಶದಲ್ಲಿ ಹೊಸದಾಗಿ ಶುರುವಾದ ವೆರಾ ರೂಬಿನ್ ವೀಕ್ಷಣಾಲಯ ಅಲ್ಲಿಂದ ಕಾಣುವ ದಕ್ಷಿಣದ ಆಕಾಶವನ್ನೆಲ್ಲ ಮತ್ತೆ ಮತ್ತೆ ಚಿತ್ರ ತೆಗೆಯುತ್ತದೆ. ಭೂಮಿಗೆ ಬಡಿಯಬಹುದಾದ ಕ್ಷುದ್ರಗ್ರಹಗಳನ್ನೂ ಅದು ಹುಡುಕಬೇಕು. ಅಂಥ ಕಲ್ಲುಗಳಲ್ಲಿ ಕೆಲವನ್ನು ಸಂಜೆ-ಮುಂಜಾನೆ ಹೊತ್ತಿನಲ್ಲೇ ಹುಡುಕಬೇಕು. ಈ ಗೀರುಗಳು ಜಾಸ್ತಿ ಬೀಳುವುದೂ ಅದೇ ಹೊತ್ತಿನಲ್ಲಿ.

ಲೆಕ್ಕದ ಮೇಷ್ಟ್ರು · 11.31

ದೂರದರ್ಶಕದವರೇ, ಒಂದು ಮಾತು. ಮೈಸೂರಿನ ಆಕಾಶ ಹಾಳಾಗಿದ್ದು ಸ್ಟಾರ್‌ಲಿಂಕ್‌ನಿಂದಲೋ ನಮ್ಮದೇ ಎಲ್‌ಇಡಿ ದೀಪಗಳಿಂದಲೋ? ನಾನು ಹುಡುಗನಾಗಿದ್ದಾಗ ಮಂಡ್ಯದ ಮನೆ ಅಂಗಳದಿಂದ ಹಾಲುಹಾದಿ ಕಾಣುತ್ತಿತ್ತು. ಈಗ ನನ್ನ ಮೊಮ್ಮಗ ಹತ್ತು ನಕ್ಷತ್ರ ಎಣಿಸಿದರೆ ಹೆಚ್ಚು. ಇದನ್ನು ಮಾಡಿದ್ದು ಅಮೆರಿಕದವರಲ್ಲ.

ಕೆರೆದಂಡೆ ದೂರದರ್ಶಕ · 11.39

ಒಪ್ಪುತ್ತೇನೆ ಮೇಷ್ಟ್ರೇ. ನೂರಕ್ಕೆ ನೂರು. ದೀಪಕ್ಕೆ ಮೇಲೆ ಮುಚ್ಚಳ ಹಾಕಿ ಬೆಳಕು ನೆಲಕ್ಕೆ ಬೀಳುವ ಹಾಗೆ ಮಾಡಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಇದನ್ನು ನಮ್ಮ ವಾರ್ಡಿನಲ್ಲಿ ಮೂರು ಸಲ ಬರೆದುಕೊಟ್ಟಿದ್ದೇನೆ. ಆದರೆ ಒಂದು ವ್ಯತ್ಯಾಸ ಇದೆ. ಊರ ದೀಪದಿಂದ ತಪ್ಪಿಸಿಕೊಳ್ಳಲು ಮೇಲುಕೋಟೆಗೋ ಕುಂತಿ ಬೆಟ್ಟಕ್ಕೋ ಹೋಗಬಹುದು. ಲಡಾಖ್‌ನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶವನ್ನೇ ಮಾಡಿದ್ದಾರೆ. ಉಪಗ್ರಹದಿಂದ ತಪ್ಪಿಸಿಕೊಳ್ಳಲು ಎಲ್ಲಿಗೆ ಹೋಗುವುದು? ಹಾನ್ಲೆ ಮೇಲೂ ಅವೇ ಹಾಯುತ್ತವೆ.

ಅರಳಿಕಟ್ಟೆ (ಕೆ.ಆರ್. ಪೇಟೆ) · 12.05

ನನಗೆ ಈಗ 67 ವರ್ಷ. ಈ ಚರ್ಚೆ ಓದಿ 1979 ನೆನಪಾಯಿತು. ಅಮೆರಿಕದ ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣ ಬೀಳುತ್ತದೆ ಅಂತ ಸುದ್ದಿ. 77 ಟನ್ ಭಾರ. ಎಲ್ಲಿ ಬೀಳುತ್ತೆ ಅಂತ ಯಾರಿಗೂ ಗೊತ್ತಿಲ್ಲ. ನಾನು ಆಗ ಡಿಗ್ರಿ ಓದುತ್ತಿದ್ದೆ. ಊರಿನಲ್ಲಿ ರೇಡಿಯೋ ಇದ್ದದ್ದು ಎರಡು ಮನೆಯಲ್ಲಿ. ಸಂಜೆ ವಾರ್ತೆ ಹೊತ್ತಿಗೆ ಊರೆಲ್ಲ ಅಲ್ಲಿ ಸೇರುತ್ತಿತ್ತು. ಸಾಲಗಾರರು ಸಾಲ ತೀರಿಸುವುದನ್ನು ನಿಲ್ಲಿಸಿದರು. ಕೆಲವರು ಇದ್ದ ಕೋಳಿಯನ್ನೆಲ್ಲ ಕುಯ್ದು ಉಂಡರು. ನಮ್ಮವ್ವ ಮಾತ್ರ "ಬೀಳೋದು ಬೀಳ್ಲಿ, ಹಸು ಕಟ್ಟೋರು ಯಾರು" ಅಂತ ಕೊಟ್ಟಿಗೆಗೆ ಹೋದಳು.

ಜುಲೈ 11ಕ್ಕೆ ಅದು ಹಿಂದೂ ಮಹಾಸಾಗರದ ಮೇಲೂ ಪಶ್ಚಿಮ ಆಸ್ಟ್ರೇಲಿಯಾದಲ್ಲೂ ಚೂರುಚೂರಾಗಿ ಬಿತ್ತು. ಯಾರಿಗೂ ಏಟಾಗಲಿಲ್ಲ. ಆದರೆ ಆ ಹತ್ತು ದಿನ ನಾವು ಪಟ್ಟ ಭಯ ಸುಳ್ಳಲ್ಲ. ಬೇರೆಯವರು ಮೇಲೆ ಹಾಕಿದ್ದು ನಮ್ಮ ತಲೆ ಮೇಲೆ ಬೀಳಬಹುದು ಅಂತ ನಮ್ಮೂರಿಗೆ ಮೊದಲು ಗೊತ್ತಾದದ್ದು ಆವಾಗ. ಆ ಹುಡುಗಿ ಕೇಳಿದ ಪ್ರಶ್ನೆಯನ್ನು ಆವತ್ತು ನಾವು ಯಾರೂ ಕೇಳಲಿಲ್ಲ.

ವಿಜಯನಗರ 3ನೇ ಹಂತ · 12.18

ಆಹಾ ಸರ್, ನಮ್ಮ ತಂದೆಯವರೂ ಇದನ್ನೇ ಹೇಳುತ್ತಿದ್ದರು. ಕೋಳಿ ವಿಷಯ ಸಮೇತ.

ಕಕ್ಷೆ ಗೆಳೆಯ (ಮೈಸೂರು) · 12.40

ನಾನು ಎಂಜಿನಿಯರ್. ಉಪಗ್ರಹದ ಬಿಡಿಭಾಗಗಳ ಕೆಲಸ ಸ್ವಲ್ಪ ಗೊತ್ತು. ಬೀಳುವುದಕ್ಕಿಂತ ದೊಡ್ಡ ಚಿಂತೆ ಬೀಳದೆ ಉಳಿಯುವುದು.

ಕೆಳ ಕಕ್ಷೆಯಲ್ಲಿ, ಅಂದರೆ ಭೂಮಿಗೆ ಹತ್ತಿರದ ಸುತ್ತುದಾರಿಯಲ್ಲಿ, ವೇಗ ಸೆಕೆಂಡಿಗೆ ಏಳೂವರೆ ಕಿ.ಮೀ. ಮೈಸೂರಿನಿಂದ ಮಂಡ್ಯಕ್ಕೆ ಆರು ಸೆಕೆಂಡು ಅಂದುಕೊಳ್ಳಿ. ಆ ವೇಗದಲ್ಲಿ ಒಂದು ನಟ್ಟು ಬಡಿದರೂ ಉಪಗ್ರಹ ಹಾಳು. 10 ಸೆಂ.ಮೀ.ಗಿಂತ ದೊಡ್ಡ ಚೂರುಗಳೇ 30,000 ದಾಟಿವೆ. 1 ಸೆಂ.ಮೀ.ಗಿಂತ ದೊಡ್ಡವು 10 ಲಕ್ಷಕ್ಕೂ ಮೇಲೆ. 2009ರ ಫೆಬ್ರವರಿ 10ರಂದು ಕೆಲಸ ಮಾಡುತ್ತಿದ್ದ ಅಮೆರಿಕದ ಇರಿಡಿಯಂ ಉಪಗ್ರಹಕ್ಕೂ ಸತ್ತುಹೋಗಿದ್ದ ರಷ್ಯಾದ ಕಾಸ್ಮಸ್‌ಗೂ ಡಿಕ್ಕಿಯಾಯಿತು. ಎರಡು ಸಾವಿರಕ್ಕೂ ಹೆಚ್ಚು ಚೂರು. ಒಂದು ಚೂರು ಇನ್ನೊಂದನ್ನು ಒಡೆದು, ಅದು ಮತ್ತೊಂದನ್ನು ಒಡೆದು, ಹೀಗೇ ಸರಣಿ ಹಿಡಿಯಬಹುದು ಅಂತ ಕೆಸ್ಲರ್ ಎಂಬ ವಿಜ್ಞಾನಿ 1978ರಲ್ಲೇ ಹೇಳಿದ್ದರು. ಆ ಎತ್ತರದ ಕಕ್ಷೆ ಆಮೇಲೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಭತ್ತದ ಗದ್ದೆ ಮೇಡಂ ಹೇಳಿದ ಚಿತ್ರಗಳೂ ಇರುವುದಿಲ್ಲ.

ಗಂಜಾಂ ಹುಡುಗ · 12.47

ಕಸ ಹಾಕಿದ್ದು ಬೇರೆ ದೇಶದವರು. ನಮ್ಮ ದೇಶವನ್ನು ಯಾಕೆ ಎಳೆಯುತ್ತೀರಿ?

ಕಕ್ಷೆ ಗೆಳೆಯ · 1.03

ನಮ್ಮದೂ ಇದೆ ತಮ್ಮ. 2019ರ ಮಾರ್ಚ್ 27ರಂದು ನಾವೂ ನಮ್ಮದೇ ಉಪಗ್ರಹವನ್ನು ಕ್ಷಿಪಣಿಯಿಂದ ಒಡೆದೆವು. ಸುಮಾರು 300 ಕಿ.ಮೀ. ಎತ್ತರದಲ್ಲಿ ಮಾಡಿದ್ದರಿಂದ ಹೆಚ್ಚಿನ ಚೂರು ಬೇಗ ಕೆಳಗೆ ಬಂದು ಉರಿದವು. ಚೀನಾದವರು 2007ರಲ್ಲಿ 800 ಕಿ.ಮೀ.ಗೂ ಮೇಲೆ ಒಡೆದದ್ದರ ಚೂರು ಇನ್ನೂ ಸುತ್ತುತ್ತಿವೆ. ಎತ್ತರದ ವ್ಯತ್ಯಾಸ ಅಷ್ಟು ಮುಖ್ಯ. 2023ರಲ್ಲಿ ಆಸ್ಟ್ರೇಲಿಯಾದ ಸಮುದ್ರ ದಂಡೆಗೆ ಬಂದು ಬಿದ್ದ ದೊಡ್ಡ ಲೋಹದ ಗುಮ್ಮಟ ನಮ್ಮ ಪಿಎಸ್‌ಎಲ್‌ವಿ ರಾಕೆಟ್‌ನದೇ. ಅದಕ್ಕೆ ಒಂದು ವರ್ಷ ಮುಂಚೆ, 2022ರ ಏಪ್ರಿಲ್‌ನಲ್ಲಿ, ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಹಳ್ಳಿಯಲ್ಲಿ ಚೀನಾ ರಾಕೆಟ್‌ನ ಉಂಗುರ ಬಿತ್ತು.

ಒಳ್ಳೆಯದನ್ನೂ ಹೇಳಬೇಕು. ಮೇಘಾ-ಟ್ರಾಪಿಕ್ಸ್ ಉಪಗ್ರಹದ ಕೆಲಸ ಮುಗಿದಾಗ ಇಸ್ರೋ ಅದನ್ನು ಸುಮ್ನೆ ಬಿಡಲಿಲ್ಲ. ಉಳಿದ ಇಂಧನ ಉರಿಸಿ 2023ರ ಮಾರ್ಚ್ 7ಕ್ಕೆ ಪೆಸಿಫಿಕ್ ಸಾಗರದ ಜನವಿಲ್ಲದ ಕಡೆ ಇಳಿಸಿದರು. 2030ರ ಹೊತ್ತಿಗೆ ಕಸ ಬಿಡದ ಉಡಾವಣೆ ಮಾಡುತ್ತೇವೆ ಅಂತ ಹೇಳಿದ್ದಾರೆ. ನನಗೆ ಇದು ಚಂದ್ರನ ಮೇಲೆ ಇಳಿದದ್ದಕ್ಕಿಂತ ಕಡಿಮೆ ಹೆಮ್ಮೆಯಲ್ಲ.

ಗಂಜಾಂ ಹುಡುಗ · 1.10

ಸರಿ ಅಣ್ಣ. ಆದರೆ ರಾಕೆಟ್ ವಿಷಯ ಬಂದರೆ ನಮ್ಮ ಶ್ರೀರಂಗಪಟ್ಟಣವನ್ನು ಮರೆಯಬಾರದು. ಟಿಪ್ಪು ಕಾಲದಲ್ಲಿ ಕಬ್ಬಿಣದ ಕೊಳವೆಯ ರಾಕೆಟ್ ಮಾಡಿದ್ದು ಇಲ್ಲೇ. ಇಲ್ಲಿಂದ ಇಂಗ್ಲೆಂಡಿಗೆ ತೆಗೆದುಕೊಂಡು ಹೋದದ್ದನ್ನು ನೋಡಿ ಅಲ್ಲಿಯ ಕಾಂಗ್ರೀವ್ ಎಂಬಾತ ತನ್ನ ರಾಕೆಟ್ ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ ಹಳೇ ಬಾವಿಯಿಂದ ಸಾವಿರ ರಾಕೆಟ್ ಸಿಕ್ಕಿತಲ್ಲ.

ವಿಜಯನಗರ 3ನೇ ಹಂತ · 1.14

ಅದು ಯುದ್ಧಕ್ಕೆ ಮಾಡಿದ್ದು, ಬಾಹ್ಯಾಕಾಶಕ್ಕಲ್ಲ.

ಗಂಜಾಂ ಹುಡುಗ · 1.16

ಬೇರೆ ದೇಶದ ದೊಡ್ಡ ರಾಕೆಟ್ಟುಗಳಲ್ಲೂ ಹೆಚ್ಚಿನವನ್ನು ಮೊದಲು ಯುದ್ಧಕ್ಕೇ ಮಾಡಿದ್ದು ಸರ್.

ಹಳೇ ಸೇತುವೆ · 1.20

ಹಾಗೆ ನೋಡಿದರೆ ಆಕಾಶವಾಣಿ ಅನ್ನುವ ಹೆಸರೂ ಮೈಸೂರಿನದೇ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಶುರು ಮಾಡಿದ ರೇಡಿಯೋ.

ನಿರ್ವಾಹಕರು · 1.32

ಇಬ್ಬರಿಗೂ ಧನ್ಯವಾದ. ಟಿಪ್ಪು, ರಾಕೆಟ್ ಚರ್ಚೆಗೆ ಬೇರೆ ಎಳೆ ಶುರು ಮಾಡಿ. ಇಲ್ಲಿ ಮೂಲ ಪ್ರಶ್ನೆಗೆ ಬನ್ನಿ.

ಕಪಿಲಾ ತೀರ (ಸರಗೂರು) · 2.20

ಡ್ಯೂಟಿ ಮುಗಿಸಿ ಬಂದು ಎಲ್ಲವನ್ನೂ ಓದಿದೆ. ನಾನು ನರ್ಸ್. ಒಂದು ಕಡೆಯ ಮಾತು ಇಲ್ಲಿ ಯಾರೂ ಆಡಿಲ್ಲ.

2001-02ರ ಸುಮಾರಿಗೆ ಇಸ್ರೋ ಟೆಲಿಮೆಡಿಸಿನ್ ಶುರು ಮಾಡಿದಾಗ ಮೊದಲು ಸೇರಿಸಿಕೊಂಡ ಆಸ್ಪತ್ರೆಗಳಲ್ಲಿ ಚಾಮರಾಜನಗರದ್ದೂ ನಮ್ಮ ಸರಗೂರಿನದ್ದೂ ಇತ್ತು. ಇಲ್ಲಿ ತೆಗೆದ ಇಸಿಜಿಯನ್ನು ಇನ್ಸಾಟ್ ಉಪಗ್ರಹದ ಮೂಲಕ ಬೆಂಗಳೂರಿನ ಹೃದಯದ ಡಾಕ್ಟರು ನೋಡುತ್ತಿದ್ದರು. ಆಗ ಇಲ್ಲಿ ಫೋನ್ ಸಿಗುವುದೇ ಕಷ್ಟ. ಎದೆನೋವು ಅಂತ ಬಂದವರನ್ನು ಮೈಸೂರಿಗೆ ಕಳಿಸಬೇಕಾ, ಇಲ್ಲೇ ನೋಡಬಹುದಾ ಅಂತ ನಿರ್ಧಾರ ಮಾಡುವುದೇ ಜೀವ ಉಳಿಸುವ ಕೆಲಸ. ಆಮೇಲೆ 2004ರಲ್ಲಿ ಪಾಠಕ್ಕೆಂದೇ ಎಜುಸ್ಯಾಟ್ ಉಪಗ್ರಹ ಬಂತು. ಚಾಮರಾಜನಗರ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಡಿಶ್ ಹಾಕಿ ಪಾಠ ತೋರಿಸಿದರು.

ಈಗಿನ ಮಾತು ಹೇಳುತ್ತೇನೆ. ಲಾಕ್‌ಡೌನ್‌ನಲ್ಲಿ ನಮ್ಮ ಕಡೆ ಹಾಡಿಯ (ಆದಿವಾಸಿಗಳ ಊರಿನ) ಮಕ್ಕಳು ಆನ್‌ಲೈನ್ ಪಾಠಕ್ಕೆ ಬಂಡೆ ಹತ್ತುತ್ತಿದ್ದರು. ಕಾಡಂಚು, ಆನೆ ಓಡಾಡುವ ಜಾಗ. ಒಬ್ಬ ಹುಡುಗಿ ದಿನಾ ಒಂದೂವರೆ ಕಿಲೋಮೀಟರ್ ನಡೆದು ಬಂಡೆ ಮೇಲೆ ಕೂರುತ್ತಿದ್ದಳು. ಅವಳ ಅಣ್ಣ ಕೋಲು ಹಿಡಿದು ಕೆಳಗೆ ಕಾಯುತ್ತಿದ್ದ. ಇವತ್ತಿಗೂ ಕೆಲವು ಹಾಡಿಗಳಲ್ಲಿ ಸಿಗ್ನಲ್ ಇಲ್ಲ. 108ಕ್ಕೆ ಫೋನ್ ಮಾಡಲು ಮರ ಹತ್ತಬೇಕು. ಕಾಡೊಳಗೆ ಟವರ್ ಹಾಕಲು ಅನುಮತಿ ಸಿಗುವುದು ಕಷ್ಟ. ಹಾಕಿದರೂ ಕಾಡಿಗೆ ತೊಂದರೆ. ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ನಮ್ಮ ದೇಶದಲ್ಲಿ ಪರವಾನಗಿ ಸಿಕ್ಕಿತು ಅಂದಾಗ ನನಗೆ ಮೊದಲು ನೆನಪಾದದ್ದು ಆ ಬಂಡೆ.

ಮೈಸೂರಿನವರು ನಕ್ಷತ್ರದ ಫೋಟೋಗೆ ಗೀರು ಬಿತ್ತು ಅನ್ನುತ್ತೀರಿ. ನಿಮ್ಮ ಬೇಸರ ಸುಳ್ಳು ಅನ್ನುವುದಿಲ್ಲ. ಆದರೆ ಆ ಗೀರು ನಮ್ಮ ಹಾಡಿಗೆ ಒಂದು ಫೋನ್ ಕರೆ ತರುವುದಾದರೆ ನಾನು ಗೀರಿನ ಕಡೆ.

ಕೆರೆದಂಡೆ ದೂರದರ್ಶಕ · 2.45

ಮೇಡಂ, ನಿಮ್ಮ ಮಾತು ನಾಟಿತು. ಫೋಟೋವನ್ನೂ 108ನ್ನೂ ತಕ್ಕಡಿಯಲ್ಲಿ ಇಟ್ಟರೆ ನಾನೂ 108ರ ಕಡೆಗೇ. ಆದರೆ ಹಾಡಿಗೆ ಸಿಗ್ನಲ್ ಕೊಡಲು ಕಂಪನಿಯವರು ಮುಂದೆ ಬಿಡಬೇಕೆಂದಿರುವ 40,000 ಉಪಗ್ರಹ ಬೇಕಾ ಅಂತ ಕೇಳಬಹುದಲ್ವಾ? ಮೈಗೆ ಕಪ್ಪು ಬಳಿಯಬಹುದು, ಹೊಳಪು ಕಡಿಮೆ ಮಾಡಬಹುದು. ವಿಜ್ಞಾನಿಗಳು ಕೇಳಿದ ಮೇಲೆ ಕಂಪನಿಯವರು ಸ್ವಲ್ಪ ಮಾಡಿದ್ದಾರೆ ಕೂಡ. ಕೇಳಿದ್ದರಿಂದ ಆಗಿದ್ದು ಅದು.

ರೇಡಿಯೋ ದೂರದರ್ಶಕದ ಕಷ್ಟ ಬೇರೆ. ಎರಡನೇ ಪೀಳಿಗೆಯ ಸ್ಟಾರ್‌ಲಿಂಕ್‌ಗಳು ಮೊದಲಿನವಕ್ಕಿಂತ 32 ಪಟ್ಟು ಜಾಸ್ತಿ ಬೇಡದ ರೇಡಿಯೋ ಅಲೆ ಸೋರಿಸುತ್ತವೆ ಅಂತ ನೆದರ್‌ಲ್ಯಾಂಡ್ಸ್‌ನ ಲೋಫಾರ್ ದೂರದರ್ಶಕದವರು 2024ರಲ್ಲಿ ಕಂಡುಕೊಂಡರು. ನಮ್ಮ ಗೌರಿಬಿದನೂರಿನಲ್ಲೂ ಅಂಥ ಕಡಿಮೆ ಕಂಪನಾಂಕದ ರೇಡಿಯೋ ವೀಕ್ಷಣಾಲಯ ಇದೆ.

ಕಪಿಲಾ ತೀರ · 2.52

ಎಷ್ಟು ಬೇಕು ಅಂತ ನನಗೆ ಗೊತ್ತಿಲ್ಲ ಸರ್. ಒಂದು ಸಿಗ್ನಲ್ ಬೇಕು ಅಂತ ಗೊತ್ತು. ಆಮೇಲೆ ತಿಂಗಳಿಗೆ ಸಾವಿರಾರು ರೂಪಾಯಿ ಕಟ್ಟಬೇಕಾದರೆ ಹಾಡಿಯವರಿಗೆ ಅದು ಇದ್ದೂ ಇಲ್ಲದ ಹಾಗೆ. ಅದನ್ನೂ ಕೇಳಬೇಕು.

ಲೆಕ್ಕದ ಮೇಷ್ಟ್ರು · 3.05

ಸರಗೂರಿನ ಮೇಡಂ ಮಾತಿಗೆ ಇದನ್ನೂ ಸೇರಿಸಿ. 1999ರ ಒಡಿಶಾ ಚಂಡಮಾರುತದಲ್ಲಿ ಸತ್ತವರು ಸುಮಾರು 10,000. 2013ರ ಫೈಲಿನ್‌ನಲ್ಲಿ 50ಕ್ಕಿಂತ ಕಡಿಮೆ. ಉಪಗ್ರಹ ಒಂದರಿಂದಲೇ ಅಲ್ಲ. ಆಶ್ರಯಮನೆ ಕಟ್ಟಿದ್ದರು, ಲಕ್ಷಗಟ್ಟಲೆ ಜನರನ್ನು ಮುಂಚೆಯೇ ಕರೆದೊಯ್ದರು. ಆದರೆ ಚಂಡಮಾರುತ ಎಲ್ಲಿ, ಎಷ್ಟು ಹೊತ್ತಿಗೆ ಬರುತ್ತೆ ಅಂತ ತಿಳಿಯದೆ ಯಾರನ್ನು ಎಲ್ಲಿಗೆ ಕರೆದೊಯ್ಯುವುದು?

ಕಕ್ಷೆ ಗೆಳೆಯ · 3.30

ಉಪಗ್ರಹ ಬೇಕಾ ಬೇಡವಾ ಅನ್ನುವ ಜಗಳ ಮುಗಿಯಿತು ಅಂದುಕೊಳ್ಳುತ್ತೇನೆ. ಬೇಕು. ಮೂಲ ಪ್ರಶ್ನೆ ಯಾರನ್ನು ಕೇಳಿದರು ಅನ್ನುವುದು. ಅದಕ್ಕೆ ಬರುತ್ತೇನೆ.

1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಆಕಾಶದಾಚೆಯ ಜಾಗ ಯಾವ ದೇಶದ ಸ್ವತ್ತೂ ಅಲ್ಲ. ಕಂಪನಿ ಬಿಟ್ಟರೂ ಅದರ ಹೊಣೆ ಆ ದೇಶದ್ದು. 1972ರ ಇನ್ನೊಂದು ಒಪ್ಪಂದದ ಪ್ರಕಾರ ಬಿದ್ದು ಹಾನಿ ಮಾಡಿದರೆ ಆ ದೇಶವೇ ಪರಿಹಾರ ಕೊಡಬೇಕು. 1978ರಲ್ಲಿ ಅಣು ಇಂಧನ ಇದ್ದ ಸೋವಿಯತ್ ಉಪಗ್ರಹ ಕೆನಡಾದಲ್ಲಿ ಬಿದ್ದದ್ದಕ್ಕೆ ಆಮೇಲೆ ಸೋವಿಯತ್‌ನವರು 30 ಲಕ್ಷ ಕೆನಡಾ ಡಾಲರ್ ಕೊಟ್ಟರು.

ಹಾಗಾದರೆ ಅನುಮತಿ? ರೇಡಿಯೋ ಅಲೆಗೂ 35,786 ಕಿ.ಮೀ. ಎತ್ತರದ ಸ್ಥಿರ ಕಕ್ಷೆಯ (ಅಲ್ಲಿನ ಉಪಗ್ರಹ ನೆಲದಿಂದ ನೋಡಿದರೆ ಒಂದೇ ಕಡೆ ನಿಂತ ಹಾಗಿರುತ್ತದೆ) ಜಾಗಕ್ಕೂ ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಇದೆ. ನಮ್ಮ ಕಡೆಯ ಮಾತಿನಲ್ಲಿ ಹೇಳಿದರೆ ಅದು ನೀರುಗಂಟಿ. ಯಾರಿಗೆ ಎಷ್ಟು ಹೊತ್ತು ತೂಬು ಎತ್ತಬೇಕು ಅಂತ ಸರದಿ ನೋಡುತ್ತದೆ. ಆದರೆ ಕೆಳ ಕಕ್ಷೆಯಲ್ಲಿ ಎಷ್ಟು ಉಪಗ್ರಹ ಇರಬಹುದು, ಎಷ್ಟು ಹೊಳೆಯಬಹುದು ಅಂತ ಮಿತಿ ಹಾಕುವ ನೀರುಗಂಟಿ ಇಲ್ಲ. ಅವರ ದೇಶದ ಅನುಮತಿ ಸಾಕು. ನಮ್ಮೂರ ಮೇಲೆ ಹಾಯಲು ನಮ್ಮನ್ನು ಕೇಳಬೇಕಾಗಿಲ್ಲ. ನಮ್ಮವು ಅವರ ಮೇಲೆ ಹಾಯಲೂ ಕೇಳಬೇಕಾಗಿಲ್ಲ.

ನಾಲೆ ಬಯಲು · 3.48

ನೀರುಗಂಟಿ ಇಲ್ಲದ ನಾಲೆಯಲ್ಲಿ ಏನಾಗುತ್ತೆ ಅಂತ ನಮಗೆ ಚೆನ್ನಾಗಿ ಗೊತ್ತು. ಮೇಲ್ಗಡೆಯವರು ಎರಡು ಬೆಳೆ ಭತ್ತ ಬೆಳೆಯುತ್ತಾರೆ. ಕೊನೆ ಭಾಗದವರು ರಾತ್ರಿಯೆಲ್ಲ ಟಾರ್ಚ್ ಹಿಡಿದು ಕಾದರೂ ಬರೀ ತೇವ. ಮೊದಲು ಬಂದವರು ಮೊದಲು ಹಿಡಿದುಕೊಂಡರೆ ನಾಳೆ ನಮ್ಮ ದೇಶದವರು ಬಿಡಲು ಹೋದಾಗ ಜಾಗ ಎಲ್ಲಿರುತ್ತೆ?

ಕಕ್ಷೆ ಗೆಳೆಯ · 3.55

ಇದೇ ಮಾತನ್ನು 1976ರಲ್ಲಿ ಭೂಮಧ್ಯರೇಖೆಯ ಎಂಟು ದೇಶಗಳು ಬೊಗೋಟದಲ್ಲಿ ಸೇರಿ ಹೇಳಿದವು. ನಮ್ಮ ತಲೆ ಮೇಲಿನ ಸ್ಥಿರ ಕಕ್ಷೆ ನಮ್ಮದು ಅಂತ. ದೊಡ್ಡ ದೇಶಗಳು ಒಪ್ಪಲಿಲ್ಲ. ಒಪ್ಪದಿದ್ದರೂ ಆ ಕೂಗು ವ್ಯರ್ಥವಾಗಲಿಲ್ಲ. ಹಿಂದುಳಿದ ದೇಶಗಳಿಗೂ ಜಾಗ ಕಾದಿಡಬೇಕು ಅನ್ನುವ ಮಾತು ಆಮೇಲೆ ನಿಯಮದೊಳಗೆ ಬಂತು.

ಅಗ್ರಹಾರ ವೃತ್ತ · 4.10

ಉರಿದು ಹೋಗುವ ಉಪಗ್ರಹ ಎಲ್ಲಿಗೆ ಹೋಗುತ್ತೆ ಅಂತ ಯಾರೂ ಕೇಳಲಿಲ್ಲ. ಒಂದೊಂದಕ್ಕೂ ಐದಾರು ವರ್ಷ ಆಯಸ್ಸು. ಆಮೇಲೆ ಕೆಳಗಿಳಿಸಿ ಉರಿಸುತ್ತಾರೆ. ಉರಿದರೆ ಇಲ್ಲವಾಗುತ್ತದಾ? ಲೋಹದ ಪುಡಿ ಮೇಲೇ ಉಳಿಯುತ್ತದೆ. ಅಮೆರಿಕದ ವಿಜ್ಞಾನಿಗಳು ಎತ್ತರದಲ್ಲಿ ಹಾರುವ ವಿಮಾನದಿಂದ ಕಣಗಳನ್ನು ಹಿಡಿದು 2023ರಲ್ಲಿ ವರದಿ ಕೊಟ್ಟರು. ಓಝೋನ್ ಇರುವ ಪದರದ ದೊಡ್ಡ ಕಣಗಳಲ್ಲಿ ಸುಮಾರು ಶೇ 10ರಷ್ಟರಲ್ಲಿ ಅಲ್ಯುಮಿನಿಯಂ, ತಾಮ್ರದಂಥ ಉಪಗ್ರಹ-ರಾಕೆಟ್ ಲೋಹ ಸಿಕ್ಕಿದೆ. ಇದು ಓಝೋನ್‌ಗೆ ಏನು ಮಾಡುತ್ತೆ ಅಂತ ಈಗ ಅಧ್ಯಯನ ನಡೆಯುತ್ತಿದೆ. ಉತ್ತರ ಬರುವ ಮುಂಚೆಯೇ ಸಾವಿರಗಟ್ಟಲೆ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಭತ್ತದ ಗದ್ದೆ · 4.22

ಇದು ನನಗೆ ಹೊಸದು. ಗದ್ದೆಗೆ ಔಷಧಿ ಹೊಡೆಯುವ ಮುಂಚೆ ಎಷ್ಟು ಪರೀಕ್ಷೆ ಮಾಡಿಸುತ್ತೇವೆ. ಇದಕ್ಕೂ ಬೇಕು.

ಗಂಜಾಂ ಹುಡುಗ · 4.25

ಹಾಗಂತ ನಿಲ್ಲಿಸಿದರೆ ಬೇರೆಯವರು ಮುಂದೆ ಹೋಗುತ್ತಾರೆ. ನಾವು ಹಿಂದೆ ಉಳಿಯುತ್ತೇವೆ.

ಅಗ್ರಹಾರ ವೃತ್ತ · 4.31

ನಿಲ್ಲಿಸಿ ಅನ್ನಲಿಲ್ಲ. ಎಣಿಸಿ ಬಿಡಿ ಅಂದೆ.

ಕುಂತಿಬೆಟ್ಟದ ತಪ್ಪಲು · 8.40

ಅಂಗಡಿ ಮುಚ್ಚಿ ಈಗ ಬಂದು ಎಲ್ಲವನ್ನೂ ಓದಿದೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೋರಾಗಿ ಓದಿದೆ. ಎಲ್ಲರಿಗೂ ಧನ್ಯವಾದ.

ಕಾಳಿಲ್ಲದ ರಾಗಿ ತೆನೆಯ ಮಾತು ಬಂದಾಗ ಅವಳು ಸುಮ್ಮನಾದಳು. ನಮ್ಮದೂ ಆ ವರ್ಷ ಹಾಗೇ ಆಗಿತ್ತು. ಬಂಡೆ ಮೇಲೆ ಕೂತು ಓದಿದ ಅಕ್ಕ ಈಗ ಏನು ಓದುತ್ತಿದ್ದಾಳೆ ಅಂತ ಕೇಳಿದಳು. ಸರಗೂರಿನ ಮೇಡಂ ಗೊತ್ತಿದ್ದರೆ ಹೇಳಿ. ಕೊನೆಗೆ, ಕೆಳ ಕಕ್ಷೆಗೆ ನೀರುಗಂಟಿ ಇಲ್ಲ ಅಂದಾಗ "ಮತ್ತೆ ಯಾರಾದರೂ ಆಗಬೇಕಲ್ವಾ?" ಅಂದಳು. ಜಿನೀವಾ ಎಲ್ಲಿದೆ ಅಂತ ಭೂಪಟ ತೆಗೆದು ನೋಡುತ್ತಿದ್ದಾಳೆ.

ಸಪ್ತರ್ಷಿ ಮಂಡಲದ ಚಿತ್ರ ಇನ್ನೂ ಬರೆದಿಲ್ಲ. ನಿನ್ನೆ ಸಾಲು ನೋಡಿದ ಮೇಲೆ ಅದು ಮರೆತೇ ಹೋಯಿತು.

ಕಪಿಲಾ ತೀರ · 8.58

ನರ್ಸಿಂಗ್ ಎರಡನೇ ವರ್ಷ. ಮೈಸೂರಿನಲ್ಲಿ. ಮೊನ್ನೆ ಹಬ್ಬಕ್ಕೆ ಬಂದಿದ್ದಳು. ಮನೆಗೆ ಫೋನ್ ಮಾಡಬೇಕಾದರೆ ಅವಳಮ್ಮ ಈಗಲೂ ಅದೇ ಬಂಡೆಗೆ ಬರಬೇಕು.

ಕೆರೆದಂಡೆ ದೂರದರ್ಶಕ · 9.10

ಬರುವ ಅಮಾವಾಸ್ಯೆಗೆ ನಾವು ನಾಲ್ಕೈದು ಜನ ದೂರದರ್ಶಕ ತೆಗೆದುಕೊಂಡು ಕುಂತಿ ಬೆಟ್ಟಕ್ಕೇ ಬರುತ್ತೇವೆ. ಮಗಳನ್ನು ಕರೆದುಕೊಂಡು ಬನ್ನಿ. ಸಪ್ತರ್ಷಿಯಲ್ಲಿ ವಸಿಷ್ಠನ ಪಕ್ಕ ಅರುಂಧತಿ ಬೇರೆಯಾಗಿ ಕಾಣುತ್ತದಾ ಅಂತ ಬರಿಗಣ್ಣಿನಲ್ಲಿ ನೋಡಲಿ, ಆಮೇಲೆ ದೂರದರ್ಶಕದಲ್ಲಿ ತೋರಿಸುತ್ತೇನೆ. ಟಾರ್ಚ್ ತಂದರೆ ಮುಂದೆ ಕೆಂಪು ಕಾಗದ ಕಟ್ಟಿಕೊಂಡು ಬನ್ನಿ, ಬಿಳಿ ಬೆಳಕು ಬಿದ್ದರೆ ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು.

ನಾಲೆ ಬಯಲು · 9.14

ನಾನೂ ಬರಬಹುದಾ? ಹಾಲುಹಾದಿ ನೋಡಿ ಬಹಳ ವರ್ಷ ಆಯಿತು.

ಕೆರೆದಂಡೆ ದೂರದರ್ಶಕ · 9.15

ಬನ್ನಿ ಬನ್ನಿ. ಆದರೆ ಈ ಕಾಲದಲ್ಲಿ ಹಾಲುಹಾದಿ ಏಳುವುದು ನಡುರಾತ್ರಿ ಮೇಲೆ. ಚಾಪೆ ತನ್ನಿ.